ಸರ್ವರ್‌ಗೆ ಡೆಸ್ಕ್‌ಟಾಪ್ ಹಾಕಬೇಕೇ, ಬೇಡವೇ? ಹಾಸನ–ಚಿಕ್ಕಮಗಳೂರಿನ ಸಣ್ಣ ಕಚೇರಿಗಳಿಗೆ ಒಂದು ಹೋಲಿಕೆ

ಅರಸೀಕೆರೆಯ ಕೊಬ್ಬರಿ ಮಂಡಿ, ಸಕಲೇಶಪುರದ ಆಚೆಯ ಎಸ್ಟೇಟ್ ಆಫೀಸು, ಹಾಸನದ ನರ್ಸಿಂಗ್ ಹೋಮು, ಚಿಕ್ಕಮಗಳೂರಿನ ಶಾಲೆ. ಇಂಥ ಜಾಗಗಳಲ್ಲಿ ಸರ್ವರ್ ಅಂದರೆ ಸಾಮಾನ್ಯವಾಗಿ ಮೇಜಿನ ಕೆಳಗಿನ ಒಂದು ಟವರ್ ಪೆಟ್ಟಿಗೆ, 4 ಅಥವಾ 8 ಜಿಬಿ ಮೆಮೊರಿ, ಪಕ್ಕದಲ್ಲೊಂದು ಯುಪಿಎಸ್. ಹಗಲು ಸಾಂಬಾ ಮೂಲಕ ಫೈಲು ಹಂಚುತ್ತದೆ, ರಾತ್ರಿ ಬ್ಯಾಕಪ್ ತೆಗೆಯುತ್ತದೆ, ನಡುವೆ ಒಂದು ಡೇಟಾಬೇಸ್ ನಡೆಸುತ್ತದೆ. ಅದಕ್ಕೆ ಲಿನಕ್ಸ್ ಹಾಕುವ ದಿನವೇ ಈ ಪ್ರಶ್ನೆ ಎದುರಾಗುತ್ತದೆ: ಕಿಟಕಿ, ಐಕಾನು, ಮೌಸ್ ಇರುವ ಡೆಸ್ಕ್‌ಟಾಪ್ ಇರಲೋ, ಬರೀ ಕಪ್ಪು ಪರದೆಯೇ ಸಾಕೋ?

ಎಷ್ಟೋ ಕಡೆ ಈ ತೀರ್ಮಾನವನ್ನು ಮನುಷ್ಯರು ಮಾಡಿರುವುದೇ ಇಲ್ಲ, ಇನ್‌ಸ್ಟಾಲರ್ ಮಾಡಿರುತ್ತದೆ. ಲಿನಕ್ಸ್‌ನ ಬಗೆಗಳಲ್ಲಿ ಉಬುಂಟು ಸರ್ವರ್ ಡೆಸ್ಕ್‌ಟಾಪಿನ ಮಾತೇ ಎತ್ತುವುದಿಲ್ಲ. ಡೆಬಿಯನ್ ಕೇಳುತ್ತದೆ, ಆದರೆ ಡೆಸ್ಕ್‌ಟಾಪಿನ ಮುಂದೆ ಮೊದಲೇ ಗುರುತು ಹಾಕಿಟ್ಟು ಕೇಳುತ್ತದೆ. ಎಂಟರ್ ಒತ್ತುತ್ತಾ ಹೋದವರಿಗೆ ಗ್ನೋಮ್ ಎಂಬ ಡೆಸ್ಕ್‌ಟಾಪ್ ಬಂದು ಕೂರುತ್ತದೆ. ಆಲ್ಮಾಲಿನಕ್ಸ್ ಮತ್ತು ರಾಕಿ ಲಿನಕ್ಸ್‌ನ ಡಿವಿಡಿ ಇಮೇಜಿನಲ್ಲಿ ‘ಸರ್ವರ್ ವಿತ್ ಜಿಯುಐ’ ಎಂಬುದೇ ಮೊದಲ ಆಯ್ಕೆ. ಹಾಗಾಗಿ ಸಾಫ್ಟ್‌ವೇರ್ ಆಯ್ಕೆಯ ಪುಟದಲ್ಲಿ ಒಂದು ನಿಮಿಷ ನಿಲ್ಲಿ.

ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ. ಡೆಸ್ಕ್‌ಟಾಪ್ ಇರಬೇಕಾದ್ದು ನೋಡಿಕೊಳ್ಳುವವರ ಲ್ಯಾಪ್‌ಟಾಪಿನಲ್ಲಿ, ಸರ್ವರಿನಲ್ಲಿ ಅಲ್ಲ. ಇದಕ್ಕೆ ಅಪವಾದಗಳಿವೆ. ಆ ಪೆಟ್ಟಿಗೆಯ ಎದುರು ದಿನಾ ಯಾರು ಕೂರುತ್ತಾರೆ, ಕೆಟ್ಟಾಗ ಎಲ್ಲಿಂದ ಸರಿಮಾಡುತ್ತೀರಿ ಎಂಬ ಎರಡು ಪ್ರಶ್ನೆಗೆ ಉತ್ತರ ಸಿಕ್ಕರೆ ನಿಮ್ಮದು ಅಪವಾದವೋ ಅಲ್ಲವೋ ಗೊತ್ತಾಗುತ್ತದೆ. (ಕಮಾಂಡುಗಳನ್ನು ಇಲ್ಲಿ ಉಚ್ಚಾರದಂತೆ ಕನ್ನಡದಲ್ಲಿ ಬರೆದಿದೆ, ದೊಡ್ಡಕ್ಷರ ಎಂದು ಹೇಳದ ಕಡೆ ಟೈಪಿಸುವಾಗ ಇಂಗ್ಲಿಷ್ ಸಣ್ಣಕ್ಷರಗಳನ್ನೇ ಬಳಸಿ.)

ಮೆಮೊರಿ ಮತ್ತು ಡಿಸ್ಕು

ಇದನ್ನು ಬೇಗ ಮುಗಿಸಬಹುದು. ಡೆಸ್ಕ್‌ಟಾಪ್ ಇಲ್ಲದ ಡೆಬಿಯನ್ ಸುಮ್ಮನಿರುವಾಗ ಸರಿಸುಮಾರು 150–200 ಎಂಬಿ ಮೆಮೊರಿ ಹಿಡಿಯುತ್ತದೆ. ಎಕ್ಸ್‌ಎಫ್‌ಸಿಇ ಎಂಬ ಹಗುರ ಡೆಸ್ಕ್‌ಟಾಪ್ ಸೇರಿದರೆ 500–700 ಎಂಬಿ. ಗ್ನೋಮ್ ಆದರೆ 1 ಜಿಬಿ ದಾಟುತ್ತದೆ. ಡಿಸ್ಕಿನಲ್ಲಿ ಗ್ನೋಮ್ ಇನ್ನೊಂದಿಷ್ಟು ಜಿಬಿ ಕೇಳುತ್ತದೆ, ಈ ಕಾಲಕ್ಕೆ ಅದು ದೊಡ್ಡದಲ್ಲ. 16 ಜಿಬಿ ಮೆಮೊರಿ ಇರುವ ಪೆಟ್ಟಿಗೆಗೆ ಇಷ್ಟೇ ಕಾರಣಕ್ಕೆ ಡೆಸ್ಕ್‌ಟಾಪ್ ಬೇಡ ಎನ್ನುವುದು ಸರಿಯಾದ ವಾದವಲ್ಲ.

4 ಜಿಬಿಯ ಪೆಟ್ಟಿಗೆಯ ಕತೆ ಬೇರೆ. ಲಿನಕ್ಸ್‌ನಲ್ಲಿ ಉಳಿದ ಮೆಮೊರಿ ಸುಮ್ಮನೆ ಬಿದ್ದಿರುವುದಿಲ್ಲ. ಇತ್ತೀಚೆಗೆ ಓದಿದ ಫೈಲುಗಳನ್ನು ಅದರಲ್ಲಿಟ್ಟುಕೊಂಡು ಸಾಂಬಾವನ್ನೂ ಡೇಟಾಬೇಸನ್ನೂ ಚುರುಕಾಗಿಸುತ್ತದೆ. ಅದರಲ್ಲಿ 1 ಜಿಬಿ ಗ್ನೋಮ್ ನುಂಗಿ, ಮೇಲೆ ಯಾರೋ ಫೈರ್‌ಫಾಕ್ಸ್‌ನಲ್ಲಿ ಹತ್ತು ಟ್ಯಾಬ್ ತೆರೆದರೆ ಮೆಮೊರಿ ಮುಗಿಯುತ್ತದೆ. ಆಗ ಲಿನಕ್ಸ್‌ನ ತಿರುಳಾದ ಕರ್ನಲ್ ಹೆಚ್ಚು ಮೆಮೊರಿ ಹಿಡಿದ ಪ್ರೋಗ್ರಾಮನ್ನು ಆರಿಸಿ ಕೊಲ್ಲುತ್ತದೆ, ಆ ಸರದಿ ನಿಮ್ಮ ಡೇಟಾಬೇಸ್ ನಡೆಸುವ ಮಾರಿಯಾಡಿಬಿಯದ್ದಾಗಬಹುದು. ನಿಮ್ಮ ಪೆಟ್ಟಿಗೆಯ ಸ್ಥಿತಿ ತಿಳಿಯಲು ‘ಫ್ರೀ -ಎಚ್’ ಕೊಟ್ಟು ‘ಅವೇಲಬಲ್’ ಕಾಲಂ ನೋಡಿ. ‘ಫ್ರೀ’ ಕಾಲಂ ನೋಡಿ ಗಾಬರಿಯಾಗಬೇಡಿ.

ಡೆಸ್ಕ್‌ಟಾಪಿನ ಹಿಂದೆ ಬರುವ ಪರಿವಾರ

ನಿಜವಾದ ಖರ್ಚು ಇಲ್ಲಿದೆ. ಡೆಸ್ಕ್‌ಟಾಪ್ ಒಂಟಿಯಾಗಿ ಬರುವುದಿಲ್ಲ. ಮನೆಯ ಕಂಪ್ಯೂಟರಿಗೆ ಬೇಕಾದ ಅಭ್ಯಾಸಗಳನ್ನೆಲ್ಲ ಹೊತ್ತು ತರುತ್ತದೆ, ಅವುಗಳಲ್ಲಿ ಕೆಲವು ಸರ್ವರಿನ ಸ್ವಭಾವಕ್ಕೆ ವಿರುದ್ಧ.

ಮೊದಲನೆಯದು ನಿದ್ದೆ. ಡೆಬಿಯನ್‌ನಲ್ಲಿ ಗ್ನೋಮ್ ಹಾಕಿ, ಯಾರೂ ಲಾಗಿನ್ ಆಗದೆ ಬಿಟ್ಟರೆ, ಲಾಗಿನ್ ಪರದೆಯೇ 15–20 ನಿಮಿಷದ ನಂತರ ಯಂತ್ರವನ್ನು ಮಲಗಿಸುತ್ತದೆ. ಫೈಲ್ ಶೇರ್ ಕಾಣೆಯಾಗುತ್ತದೆ, ದೂರದಿಂದ ಕಮಾಂಡ್ ಕೊಡುವ ಎಸ್‌ಎಸ್‌ಎಚ್ ಸಂಪರ್ಕ ನಿಂತಲ್ಲೇ ನಿಲ್ಲುತ್ತದೆ. ಕೀಬೋರ್ಡ್ ಮುಟ್ಟಿದರೆ ಏನೂ ಆಗಿಲ್ಲವೆಂಬಂತೆ ಎದ್ದು ಕೂರುತ್ತದೆ. ಹಾಗಾಗಿ ತಪ್ಪು ಸ್ವಿಚ್ಚಿನದೋ ಕೇಬಲ್ಲಿನದೋ ಎಂದು ಹುಡುಕುವುದರಲ್ಲೇ ದಿನ ಹೋಗುತ್ತದೆ. ಲಾಗಿನ್ ಆದವರ ಸೆಟ್ಟಿಂಗ್ಸ್‌ನಲ್ಲಿ ನಿದ್ದೆ ಆರಿಸಿದರೆ ಸಾಲದು, ಏಕೆಂದರೆ ಲಾಗಿನ್ ಪರದೆಯ ಸೆಟ್ಟಿಂಗ್ ಬೇರೆಯೇ. ಖಚಿತ ಪರಿಹಾರ ಒಂದೇ ಸಾಲು: ‘ಸುಡೊ ಸಿಸ್ಟಮ್‌ಸಿಟಿಎಲ್ ಮಾಸ್ಕ್ ಸ್ಲೀಪ್.ಟಾರ್ಗೆಟ್ ಸಸ್ಪೆಂಡ್.ಟಾರ್ಗೆಟ್ ಹೈಬರ್ನೇಟ್.ಟಾರ್ಗೆಟ್ ಹೈಬ್ರಿಡ್-ಸ್ಲೀಪ್.ಟಾರ್ಗೆಟ್’. ಹಳೆಯ ಲ್ಯಾಪ್‌ಟಾಪನ್ನೇ ಸರ್ವರ್ ಮಾಡಿದ್ದರೆ (ಬ್ಯಾಟರಿಯೇ ಯುಪಿಎಸ್ ಆಗುವುದರಿಂದ ಮಳೆಗಾಲಕ್ಕೆ ಇದು ಕೆಟ್ಟ ಯೋಚನೆಯೇನಲ್ಲ) ಇನ್ನೊಂದು ಹೆಜ್ಜೆ ಇದೆ. ಡೆಸ್ಕ್‌ಟಾಪ್ ಇರಲಿ ಬಿಡಲಿ, ಮುಚ್ಚಳ ಮುಚ್ಚಿದರೆ ಯಂತ್ರ ಮಲಗುತ್ತದೆ, ‘ಲಾಗಿನ್‌ಡಿ.ಕಾನ್ಫ್’ ಫೈಲಿನಲ್ಲಿ ‘ಹ್ಯಾಂಡಲ್‌ಲಿಡ್‌ಸ್ವಿಚ್’ (ಮೂರೂ ಪದಗಳ ಮೊದಲಕ್ಷರ ದೊಡ್ಡಕ್ಷರ) ಎದುರು ‘ಇಗ್ನೋರ್’ ಎಂದು ಬರೆಯಿರಿ.

ಎರಡನೆಯದು ನೆಟ್‌ವರ್ಕ್. ಉಬುಂಟು ಸರ್ವರಿನಲ್ಲಿ ನೆಟ್‌ಪ್ಲಾನ್ ಎಂಬ ಸೆಟ್ಟಿಂಗ್ ಫೈಲಿನ ಮೂಲಕ ಸಿಸ್ಟಮ್‌ಡಿ-ನೆಟ್‌ವರ್ಕ್‌ಡಿ ಎಂಬ ಸೇವೆ ನೆಟ್‌ವರ್ಕ್ ನೋಡಿಕೊಳ್ಳುತ್ತದೆ. ಡೆಸ್ಕ್‌ಟಾಪ್ ತನ್ನ ಜೊತೆ ಅದೇ ಕೆಲಸದ ಇನ್ನೊಂದು ಸೇವೆ, ನೆಟ್‌ವರ್ಕ್‌ಮ್ಯಾನೇಜರನ್ನು ತರುತ್ತದೆ. ಮೂಲೆಯ ಐಕಾನು ಒತ್ತಿದರೆ ವೈರಿನ ಸಂಪರ್ಕದ ಎದುರು ‘ಅನ್‌ಮ್ಯಾನೇಜ್ಡ್’ ಎಂದು ಕಾಣುತ್ತದೆ, ಐಪಿ ವಿಳಾಸ ಬದಲಿಸಲು ಬಿಡುವುದಿಲ್ಲ. ಡೆಬಿಯನ್‌ನಲ್ಲಿ ‘ಇಂಟರ್‌ಫೇಸಸ್’ ಫೈಲಿನಲ್ಲಿ ಬರೆದ ಕಾರ್ಡಿಗೂ ಇದೇ ಪಾಡು. ಸರಿಮಾಡುವೆನೆಂದು ನೆಟ್‌ಪ್ಲಾನ್ ಫೈಲಿನ ‘ರೆಂಡರರ್’ ಸಾಲನ್ನು ಬದಲಿಸಿದರೆ ಇನ್ನೊಂದು ತೊಡಕು: ಹಳೆಯ ‘ನೆಟ್‌ವರ್ಕ್‌ಡಿ-ವೇಟ್-ಆನ್‌ಲೈನ್’ ಸೇವೆ ತನ್ನ ಕಾರ್ಡಿಗಾಗಿ ಕಾಯುತ್ತಾ ಪ್ರತಿ ಬೂಟಿಗೂ 2 ನಿಮಿಷ ತಡಮಾಡುತ್ತದೆ. ಇಬ್ಬರಲ್ಲಿ ಒಬ್ಬರೇ ಯಜಮಾನರಾಗಿರಲಿ. ಸ್ಥಿರ ಐಪಿ ಇರುವ ಸರ್ವರಿಗೆ ನೆಟ್‌ವರ್ಕ್‌ಡಿಯೇ ಸಾಕು.

ಮೂರನೆಯದು ಬಾಗಿಲುಗಳು, ಅಂದರೆ ಹೊರಗಿನ ಸಂಪರ್ಕಕ್ಕೆ ತೆರೆದಿರುವ ಪೋರ್ಟುಗಳು. ಮುದ್ರಣಕ್ಕೆ ಕಪ್ಸ್, ಅಕ್ಕಪಕ್ಕದ ಯಂತ್ರ ಹುಡುಕಲು ಆವಾಹಿ, ಬ್ಲೂಟೂತ್, ಮೋಡೆಮ್‌ಮ್ಯಾನೇಜರ್ ಎಲ್ಲವೂ ಹಿಂದೆಯೇ ಬರುತ್ತವೆ. 2024ರ ಸೆಪ್ಟೆಂಬರಿನಲ್ಲಿ ಬಯಲಾದ ‘ಕಪ್ಸ್-ಬ್ರೌಸ್ಡ್’ ದೋಷ ಇಂಥದ್ದೇ: ಪ್ರಿಂಟರ್ ಹುಡುಕುವ ಆ ಸೇವೆ ಯುಡಿಪಿ 631ನೇ ಪೋರ್ಟಿನಲ್ಲಿ ಯಾರ ಮಾತನ್ನಾದರೂ ಕೇಳಿಸಿಕೊಳ್ಳುತ್ತಿತ್ತು. ಸುಳ್ಳು ಪ್ರಿಂಟರ್ ಸೇರಿಸಿ, ಅದಕ್ಕೆ ಮುದ್ರಣ ಹೋದಾಗ ದಾಳಿಕೋರರ ಕಮಾಂಡ್ ಓಡಿಸಲು ಅದರಿಂದ ದಾರಿಯಾಗಿತ್ತು. ಡೆಸ್ಕ್‌ಟಾಪ್ ಇಲ್ಲದ ಸಾಧಾರಣ ಸರ್ವರಿನಲ್ಲಿ ಆ ಪ್ಯಾಕೇಜೇ ಇರುತ್ತಿರಲಿಲ್ಲ. ಈಗ ಅದಕ್ಕೆ ತಿದ್ದುಪಡಿ ಬಂದಿದೆ, ಆದರೆ ಇಲ್ಲದ ಬಾಗಿಲಿಗೆ ಬೀಗ ಹಾಕುವ ಕೆಲಸವೂ ಇರುವುದಿಲ್ಲ. ಡೆಸ್ಕ್‌ಟಾಪ್ ಹಾಕುವ ಮೊದಲು ‘ಸುಡೊ ಎಸ್‌ಎಸ್ -ಟಿಯುಎಲ್‌ಪಿಎನ್’ ಕೊಟ್ಟು ಪಟ್ಟಿಯನ್ನು ಫೈಲಿಗೆ ಉಳಿಸಿ. ಹಾಕಿದ ಮೇಲೆ ಮತ್ತೊಮ್ಮೆ ಕೊಟ್ಟು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಹೊಸದಾಗಿ ಕಂಡ ಪ್ರತಿ ಸಾಲಿಗೂ ನಿಮ್ಮಲ್ಲಿ ಒಂದು ಕಾರಣವಿರಬೇಕು.

ಡಿಸ್ಕ್ ತುಂಬಿದಾಗ ಏನಾಗುತ್ತದೆ ಎಂಬುದನ್ನು ಹೆಚ್ಚಿನವರು ಯೋಚಿಸಿರುವುದಿಲ್ಲ. ಬ್ಯಾಕಪ್ ಬೆಳೆದು ಬೆಳೆದು ಡಿಸ್ಕ್ ಭರ್ತಿಯಾದರೆ ಮೊದಲು ಹೊರಗುಳಿಯುವವರು ಡೆಸ್ಕ್‌ಟಾಪ್ ಬಳಸುವವರು. ಪಾಸ್‌ವರ್ಡ್ ಸರಿಯಿದ್ದರೂ ಪರದೆ ಒಮ್ಮೆ ಮಿಂಚಿ ಮತ್ತೆ ಲಾಗಿನ್ನಿಗೇ ಬರುತ್ತದೆ, ಏಕೆಂದರೆ ಸೆಷನ್ ಶುರುವಾಗಲು ಬೇಕಾದ ಸಣ್ಣ ಫೈಲುಗಳನ್ನು ಬರೆಯಲು ಜಾಗವಿಲ್ಲ. ಆಗ ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿದರೆ ಕಪ್ಪು ಪರದೆ ಸಿಗುತ್ತದೆ. ಅಲ್ಲಿ ಒಳಹೋಗಲು ಬರುತ್ತದೆ. ಲಿನಕ್ಸ್‌ನ ಫೈಲ್ ವ್ಯವಸ್ಥೆಯಾದ ಇಎಕ್ಸ್‌ಟಿ4 ಸಾಮಾನ್ಯವಾಗಿ ಶೇಕಡಾ 5ರಷ್ಟು ಜಾಗವನ್ನು ರೂಟ್ ಎಂಬ ನಿರ್ವಾಹಕ ಖಾತೆಗೆಂದೇ ಮೀಸಲಿಟ್ಟಿರುತ್ತದೆ. ‘ಎನ್‌ಸಿಡಿಯು’ ಎಂಬ ಪುಟ್ಟ ಪ್ರೋಗ್ರಾಂ ಮೊದಲೇ ಹಾಕಿಟ್ಟಿದ್ದರೆ ಯಾವ ಫೋಲ್ಡರ್ ಉಬ್ಬಿದೆ ಎಂದು ಐದೇ ನಿಮಿಷದಲ್ಲಿ ತಿಳಿಯುತ್ತದೆ.

ಹಳೆಯ ಬ್ರಾಂಡೆಡ್ ಸರ್ವರ್ ಕೊಂಡಿದ್ದರೆ ಇನ್ನೊಂದು ಮಾತು. ಅವುಗಳಲ್ಲಿರುವ ಮ್ಯಾಟ್ರಾಕ್ಸ್ ಜಿ200 ಅಥವಾ ಆಸ್ಪೀಡ್ ಚಿಪ್ಪು ಪರದೆಗೆ ಅಕ್ಷರ ತೋರಿಸಲಷ್ಟೇ ಇರುವಂಥದ್ದು. ಗ್ನೋಮ್‌ನ ಚಿತ್ರವೆಲ್ಲವನ್ನೂ ಆಗ ಪ್ರೊಸೆಸರೇ ಬಿಡಿಸಬೇಕಾಗುತ್ತದೆ. ಕಿಟಕಿ ಎಳೆದರೆ ತಡೆತಡೆದು ಬರುತ್ತದೆ, ಮೌಸ್ ಅಲ್ಲಾಡಿಸಿದರೆ ಪ್ರೊಸೆಸರ್ ಬಳಕೆ ಏರುತ್ತದೆ.

ದೂರದಿಂದ ರಿಪೇರಿ

ಹಾಸನದಿಂದ ಸಕಲೇಶಪುರಕ್ಕೆ 40 ಕಿ.ಮೀ. ಆಸುಪಾಸು, ಅಲ್ಲಿಂದ ಎಸ್ಟೇಟಿಗೆ ಇನ್ನೊಂದಷ್ಟು. ಜುಲೈ ಮಳೆಯಲ್ಲಿ ಮರ ಬಿದ್ದು ಫೈಬರ್ ಕತ್ತರಿಸಿದರೆ ಉಳಿಯುವುದು ಮೊಬೈಲ್ ಹಾಟ್‌ಸ್ಪಾಟ್, ಅದೂ ಎರಡು ಕಡ್ಡಿ. ಇಂಥ ಸಂಪರ್ಕದಲ್ಲಿ ಎಸ್‌ಎಸ್‌ಎಚ್ ನಡೆಯುತ್ತದೆ, ಏಕೆಂದರೆ ಹೋಗಿ ಬರುವುದು ಅಕ್ಷರಗಳು ಮಾತ್ರ. ರಿಮೋಟ್ ಡೆಸ್ಕ್‌ಟಾಪ್ ಇಡೀ ಪರದೆಯ ಚಿತ್ರ ಸಾಗಿಸಬೇಕು. ಒತ್ತಿದ ಬಟನ್ ಒತ್ತಿತೋ ಇಲ್ಲವೋ ತಿಳಿಯದೆ ಮತ್ತೆ ಒತ್ತುತ್ತೀರಿ, ಎರಡು ಸಲ ಒತ್ತಿದಂತಾಗುತ್ತದೆ. ಸರ್ವರಿನಲ್ಲಿ ಅದು ಅಪಾಯ. ಸಂಪರ್ಕ ಪದೇ ಪದೇ ಕಡಿಯುತ್ತಿದ್ದರೆ ‘ಮೋಶ್’ ಬಳಸಿ (ಯುಡಿಪಿ 60000–61000 ತೆರೆದಿರಬೇಕು). ದೀರ್ಘ ಕೆಲಸಗಳನ್ನು ‘ಟಿಮಕ್ಸ್’ ಒಳಗೆ ಶುರುಮಾಡಿ. ಲೈನು ಹೋದರೂ ಕೆಲಸ ನಿಲ್ಲುವುದಿಲ್ಲ, ಮರಳಿ ಬಂದು ‘ಟಿಮಕ್ಸ್ ಅಟ್ಯಾಚ್’ ಅಂದರೆ ಬಿಟ್ಟಲ್ಲಿಂದಲೇ ಕಾಣುತ್ತದೆ.

ಡೆಸ್ಕ್‌ಟಾಪೇ ಬೇಕೆನ್ನುವವರು ದೂರದಿಂದ ಪರದೆ ತೋರಿಸುವ ಎಕ್ಸ್‌ಆರ್‌ಡಿಪಿ ಅಥವಾ ವಿಎನ್‌ಸಿ ಹಾಕುತ್ತಾರೆ. ಎಕ್ಸ್‌ಆರ್‌ಡಿಪಿಯ ಪ್ರಸಿದ್ಧ ತೊಂದರೆ ಅಕ್ಷರವೂ ಇಲ್ಲದ ಖಾಲಿ ಕಪ್ಪು ಪರದೆ: ಅದೇ ಹೆಸರಿನವರು ಸರ್ವರಿನ ಎದುರು ಗ್ನೋಮ್‌ನಲ್ಲಿ ಲಾಗಿನ್ ಆಗಿದ್ದರೆ ದೂರದವರಿಗೆ ಏನೂ ಕಾಣುವುದಿಲ್ಲ. ಎದುರಿನ ಸೆಷನ್ನಿಂದ ಲಾಗ್‌ಔಟ್ ಆಗಿ, ಇಲ್ಲವೇ ದೂರದ ಕೆಲಸಕ್ಕೆ ಬೇರೆ ಖಾತೆ ಇಟ್ಟುಕೊಳ್ಳಿ. ಹಳೆಯ ಲೇಖನಗಳ ಸೂಚನೆ ಅನುಸರಿಸುವವರು ಎಚ್ಚರ: ಉಬುಂಟು 25.10ರಿಂದ ಎಕ್ಸ್‌ಆರ್ಗ್ (ಪರದೆಗೆ ಚಿತ್ರ ಬಿಡಿಸುವ ಹಳೆಯ ವ್ಯವಸ್ಥೆ) ಬಳಸುವ ಗ್ನೋಮ್ ಸೆಷನ್ ಇಲ್ಲ, 2025ರಲ್ಲಿ ಬಂದ ರೆಡ್ ಹ್ಯಾಟ್‌ನ ಆರ್‌ಎಚ್‌ಇಎಲ್ 10ರಲ್ಲಿ ಎಕ್ಸ್‌ಆರ್ಗ್ ಸರ್ವರನ್ನೇ ತೆಗೆದಿದ್ದಾರೆ. ವಿಎನ್‌ಸಿಯನ್ನು ಎಂದೂ ನೇರ ಇಂಟರ್ನೆಟ್ಟಿಗೆ ಬಿಡಬೇಡಿ. ಅದು ಸರ್ವರಿನ ಒಳಗಡೆ ಮಾತ್ರ ಕೇಳುವಂತೆ ಇಟ್ಟು, ಲ್ಯಾಪ್‌ಟಾಪಿನಿಂದ ಎಸ್‌ಎಸ್‌ಎಚ್ ಸುರಂಗದ ಮೂಲಕ 5901ನೇ ಪೋರ್ಟ್ ತಲುಪಿ. ಆರ್‌ಡಿಪಿಯ 3389ಕ್ಕೂ ಇದೇ ನಿಯಮ.

ಕಮಾಂಡಿನ ಇನ್ನೊಂದು ಅನುಕೂಲವನ್ನು ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಎಸ್ಟೇಟಿನ ರೈಟರಿಗೆ (ಲೆಕ್ಕ ಬರೆಯುವವರಿಗೆ) ಫೋನಿನಲ್ಲಿ ‘ಎಡಗಡೆ ಮೇಲೆ ಚಕ್ರದ ಥರ ಒಂದು ಐಕಾನಿದೆ ನೋಡಿ, ಕಾಣ್ತಿಲ್ವಾ?’ ಎಂದು ಹೇಳುವುದು ಕಷ್ಟ. ಒಂದು ಸಾಲಿನ ಕಮಾಂಡನ್ನು ವಾಟ್ಸಾಪಿನಲ್ಲಿ ಕಳಿಸಿ, ಅವರು ಟೈಪಿಸಿ, ಪರದೆಯ ಫೋಟೊ ವಾಪಸ್ ಕಳಿಸುವುದು ಸುಲಭ. ಇನ್ನೂ ಸುಲಭವಾಗಲು ನಾಲ್ಕಕ್ಷರದ ಹೆಸರಿನ ಒಂದು ಸ್ಕ್ರಿಪ್ಟ್ ಬರೆದಿಡಿ: ಐಪಿ ವಿಳಾಸ, ಡಿಸ್ಕಿನ ಜಾಗ, ಕೊನೆಯ ಬ್ಯಾಕಪ್ಪಿನ ತಾರೀಖು, ನಿಂತುಹೋದ ಸೇವೆಗಳು ಇಷ್ಟನ್ನು ಒಂದೇ ಪರದೆಯಲ್ಲಿ ತೋರಿಸಲಿ. ರೈಟರು ಕಲಿಯಬೇಕಾದ್ದು ಆ ಒಂದು ಪದ ಮಾತ್ರ.

ಕಾಕ್‌ಪಿಟ್ ಎಂಬ ನಡುದಾರಿ

ಕಮಾಂಡ್ ಬೇಡ, ಡೆಸ್ಕ್‌ಟಾಪೂ ಬೇಡ ಎನ್ನುವವರಿಗೆ ನಾವು ಮೊದಲು ಸೂಚಿಸುವುದು ಕಾಕ್‌ಪಿಟ್. ಇದು ಬ್ರೌಸರಿನಲ್ಲಿ ತೆರೆಯುವ ನಿರ್ವಹಣಾ ಪುಟ, 9090ನೇ ಪೋರ್ಟಿನಲ್ಲಿ ಸಿಗುತ್ತದೆ. ಡಿಸ್ಕು, ಲಾಗು, ಸೇವೆಗಳು, ಬಳಕೆದಾರರು, ಜೊತೆಗೆ ಒಂದು ಟರ್ಮಿನಲ್ ಎಲ್ಲವೂ ಅದರೊಳಗಿವೆ. ಯಾರಾದರೂ ಪುಟ ತೆರೆದಾಗ ಮಾತ್ರ ಎಚ್ಚರವಾಗುವುದರಿಂದ ಉಳಿದ ವೇಳೆ ಮೆಮೊರಿ ತಿನ್ನುವುದಿಲ್ಲ. ಡೆಬಿಯನ್ ಮತ್ತು ಉಬುಂಟುವಿನಲ್ಲಿ ‘ಎಪಿಟಿ ಇನ್‌ಸ್ಟಾಲ್ ಕಾಕ್‌ಪಿಟ್’, ಆಲ್ಮಾದಲ್ಲಿ ‘ಸಿಸ್ಟಮ್‌ಸಿಟಿಎಲ್ ಎನೇಬಲ್ --ನೌ ಕಾಕ್‌ಪಿಟ್.ಸಾಕೆಟ್’. ಮೊದಲ ಸಲ ಬ್ರೌಸರು ಪ್ರಮಾಣಪತ್ರದ ಎಚ್ಚರಿಕೆ ತೋರಿಸುತ್ತದೆ, ಸರ್ವರ್ ತಾನೇ ಸಹಿಮಾಡಿಕೊಂಡ ಪತ್ರ ಅದು. ಯುಎಫ್‌ಡಬ್ಲ್ಯು ಫೈರ್‌ವಾಲ್ ಇದ್ದರೆ 9090ನ್ನು ಕಚೇರಿಯ ಒಳಗಿನ ವಿಳಾಸಗಳಿಗೆ ಮಾತ್ರ ತೆರೆಯಿರಿ, ಉದಾಹರಣೆಗೆ 192.168.1.0/24.

ಉಬುಂಟು ಸರ್ವರಿನಲ್ಲಿ ಕಾಕ್‌ಪಿಟ್‌ನ ಅಪ್‌ಡೇಟ್ ಪುಟ ‘ಆಫ್‌ಲೈನ್’ ಎಂದು ದೂರಬಹುದು, ನೆಟ್ ಚೆನ್ನಾಗಿಯೇ ಇದ್ದರೂ. ಅದು ಕೇಳುವುದು ನೆಟ್‌ವರ್ಕ್‌ಮ್ಯಾನೇಜರನ್ನು, ಇಲ್ಲಿ ಕೆಲಸ ಮಾಡುತ್ತಿರುವುದು ನೆಟ್‌ವರ್ಕ್‌ಡಿ. ಅದಕ್ಕಾಗಿ ನೆಟ್‌ವರ್ಕ್ ಬದಲಿಸಲು ಹೋಗಬೇಡಿ. ಅಪ್‌ಡೇಟನ್ನು ಕಾಕ್‌ಪಿಟ್‌ನ ಟರ್ಮಿನಲ್ಲಿನಲ್ಲೇ ಮಾಡಿ, ಅಥವಾ ತಾನಾಗಿ ಅಪ್‌ಡೇಟ್ ಹಾಕುವ ‘ಅನ್‌ಅಟೆಂಡೆಡ್-ಅಪ್‌ಗ್ರೇಡ್ಸ್’ಗೆ ಬಿಡಿ.

ಕನ್ನಡದ ಫೈಲುಗಳು

‘ಕಪ್ಪು ಪರದೆಯಲ್ಲಿ ಕನ್ನಡ ಬರಲ್ಲ, ಅದಕ್ಕೆ ಡೆಸ್ಕ್‌ಟಾಪ್ ಬೇಕು’ ಎಂಬ ಮಾತಿನಲ್ಲಿ ಅರ್ಧ ನಿಜವಿದೆ. ಸರ್ವರಿಗೇ ಜೋಡಿಸಿದ ಮಾನಿಟರಿನ ಪಠ್ಯ ಪರದೆಗೆ ಹೆಚ್ಚೆಂದರೆ 512 ಅಕ್ಷರರೂಪಗಳು, ಒತ್ತು–ಗುಣಿತ ಜೋಡಿಸುವ ಶಕ್ತಿ ಅದಕ್ಕಿಲ್ಲ. ಅಲ್ಲಿ ಕನ್ನಡದ ಹೆಸರುಗಳು ಚೌಕಗಳಾಗಿ ಕಾಣುತ್ತವೆ. ಅದೇ ಸರ್ವರನ್ನು ಲ್ಯಾಪ್‌ಟಾಪಿನಿಂದ ಎಸ್‌ಎಸ್‌ಎಚ್ ಮಾಡಿ ನೋಡಿದರೆ ಅಕ್ಷರ ಬಿಡಿಸುವುದು ಲ್ಯಾಪ್‌ಟಾಪಿನ ಟರ್ಮಿನಲ್. ಒತ್ತಕ್ಷರ ಒಂದಿಷ್ಟು ಜರುಗಿದಂತಿದ್ದರೂ ಓದಲು ಬರುತ್ತದೆ. ಅಲ್ಲೂ ಹೆಸರಿನ ಬದಲು 340, 262 ಎಂಬ ಅಂಕಿಗಳ ಸಾಲು ಕಂಡರೆ ಲೊಕೇಲ್, ಅಂದರೆ ಭಾಷೆ–ಲಿಪಿಯ ಸೆಟ್ಟಿಂಗ್, ತಪ್ಪಿದೆ ಎಂದರ್ಥ. ಕನ್ನಡದ ಅಕ್ಷರಗಳು ಯುಟಿಎಫ್-8 ಎಂಬ ಅಕ್ಷರ ಸಂಕೇತ ಪದ್ಧತಿಯಲ್ಲಿ ಈ ಬೈಟುಗಳಿಂದಲೇ, ಇಲ್ಲವೇ 340, 263ರಿಂದ ಶುರುವಾಗುತ್ತವೆ. ‘ಸಿ.ಯುಟಿಎಫ್-8’ (ದೊಡ್ಡಕ್ಷರಗಳಲ್ಲಿ) ಲೊಕೇಲ್ ಹಾಕಿದರೆ ಸರಿಹೋಗುತ್ತದೆ. ಪ್ರತಿ ಕನ್ನಡ ಸಂಕೇತಕ್ಕೂ 3 ಬೈಟು ಬೇಕು, ಇಎಕ್ಸ್‌ಟಿ4ರಲ್ಲಿ ಹೆಸರಿನ ಮಿತಿ 255 ಬೈಟು. ಆದ್ದರಿಂದ ಫೈಲಿಗೆ ವಾಕ್ಯದುದ್ದದ ಕನ್ನಡ ಹೆಸರಿಟ್ಟರೆ 85 ಸಂಕೇತಗಳಲ್ಲಿ ಮುಗಿಯುತ್ತದೆ, ಕಾಗುಣಿತ ಮತ್ತು ಒತ್ತು ಸೇರಿಸಿ ಎಣಿಸಿದಾಗ.

ಕನ್ನಡದ ರಸೀದಿ, ಅಂಕಪಟ್ಟಿಗಳನ್ನು ಸರ್ವರಿನಲ್ಲೇ ಪಿಡಿಎಫ್ ಮಾಡಲೂ ಡೆಸ್ಕ್‌ಟಾಪ್ ಬೇಡ, ಫಾಂಟ್ ಬೇಕು. ‘ಲಿಬ್ರೆಆಫೀಸ್-ರೈಟರ್-ನೋಜಿಯುಐ’ ಮತ್ತು ‘ಫಾಂಟ್ಸ್-ಕೆಎನ್‌ಡಿಎ’ ಪ್ಯಾಕೇಜುಗಳನ್ನು ಹಾಕಿ, ‘ಎಸ್‌ಆಫೀಸ್ --ಹೆಡ್‌ಲೆಸ್ --ಕನ್ವರ್ಟ್-ಟು ಪಿಡಿಎಫ್’ ಕೊಟ್ಟರೆ ಆಯಿತು. ನುಡಿ, ಬರಹದ ಹಳೆಯ ಎನ್‌ಕೋಡಿಂಗಿನಲ್ಲಿರುವ ದಾಖಲೆಗಳಿಗೆ ಅದೇ ಫಾಂಟ್ ಫೈಲುಗಳನ್ನು ‘ಯುಎಸ್‌ಆರ್/ಲೋಕಲ್/ಶೇರ್/ಫಾಂಟ್ಸ್’ ಫೋಲ್ಡರಿಗೆ ಹಾಕಿ ‘ಎಫ್‌ಸಿ-ಕ್ಯಾಶ್ -ಎಫ್’ ಓಡಿಸಬೇಕು, ಇಲ್ಲದಿದ್ದರೆ ಪಿಡಿಎಫ್‌ನಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬರುತ್ತದೆ.

ಹಾಕಲೇಬೇಕಾದಾಗ

ಇಡೀ ಕಚೇರಿಗೆ ಇರುವುದು ಒಂದೇ ಕಂಪ್ಯೂಟರ್, ಅದರಲ್ಲೇ ಚೆಕ್‌ರೋಲ್ (ಕೂಲಿಯವರ ಹಾಜರಿ ಪಟ್ಟಿ) ಬರೆಯಬೇಕು, ಅದೇ ಫೈಲುಗಳನ್ನೂ ಹಂಚಬೇಕು ಎಂದಾದರೆ ಡೆಸ್ಕ್‌ಟಾಪ್ ಹಾಕಿ, ಸಂಕೋಚ ಬೇಡ. ವಿದ್ಯಾರ್ಥಿಗಳಿಗೆ ಕಲಿಸಲೆಂದೇ ಇಟ್ಟ ಲ್ಯಾಬ್ ಸರ್ವರಿಗೂ ಹಾಕಬಹುದು. ಇನ್ನುಳಿದ ಹಲವು ಕಾರಣಗಳಿಗೆ ಬೇರೆ ದಾರಿ ಇದೆ. ಟ್ಯಾಲಿಪ್ರೈಮ್ ವಿಂಡೋಸ್‌ನದು, ಅದನ್ನು ಲಿನಕ್ಸ್ ಸರ್ವರಿನ ಡೆಸ್ಕ್‌ಟಾಪಿನಲ್ಲಿ ವೈನ್ (ಲಿನಕ್ಸ್‌ನಲ್ಲಿ ವಿಂಡೋಸ್ ಪ್ರೋಗ್ರಾಂ ನಡೆಸುವ ಸಾಧನ) ಮೂಲಕ ಓಡಿಸಲು ಹೆಣಗುವ ಬದಲು ವಿಂಡೋಸ್ ಯಂತ್ರದಲ್ಲೇ ಬಿಟ್ಟು, ಅದರ ಬ್ಯಾಕಪ್ಪನ್ನು ಸಾಂಬಾ ಶೇರಿಗೆ ಕಳಿಸಿ. ಸಿಸಿಟಿವಿಯನ್ನು ಟಿವಿಯಲ್ಲಿ ತೋರಿಸಬೇಕಿದ್ದರೆ ಟಿವಿಯ ಹಿಂದೆ ಒಂದು ರಾಸ್ಪ್‌ಬೆರಿ ಪೈ ಕಟ್ಟಿ. ಒಂದೇ ಒಂದು ಗ್ರಾಫಿಕಲ್ ಪ್ರೋಗ್ರಾಂ ಆಗೊಮ್ಮೆ ಈಗೊಮ್ಮೆ ಬೇಕಾದರೆ ‘ಎಸ್‌ಎಸ್‌ಎಚ್ -ಎಕ್ಸ್’ (ಇಲ್ಲಿ ಎಕ್ಸ್ ದೊಡ್ಡಕ್ಷರ) ಸಾಕು: ಸರ್ವರಿನಲ್ಲಿ ಆ ಪ್ರೋಗ್ರಾಂ ಜೊತೆ ‘ಎಕ್ಸ್‌ಆತ್’ ಇದ್ದರಾಯಿತು, ಕಿಟಕಿ ನಿಮ್ಮ ಲ್ಯಾಪ್‌ಟಾಪಿನಲ್ಲಿ ತೆರೆಯುತ್ತದೆ (ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಮೊಬಾಎಕ್ಸ್‌ಟರ್ಮ್ ಬಳಸಿ). ಪರದೆ ಇಲ್ಲದೆ ಶುರುವಾಗುವುದೇ ಇಲ್ಲ ಎಂದು ಹಟ ಮಾಡುವ ಪ್ರೋಗ್ರಾಮಿಗೆ ‘ಎಕ್ಸ್‌ವಿಎಫ್‌ಬಿ’ ಎಂಬ ಸುಳ್ಳು ಪರದೆ ಕೊಡಬಹುದು.

ಹಾಕುವುದಾದರೆ ಎಕ್ಸ್‌ಎಫ್‌ಸಿಇ ನಮ್ಮ ಆಯ್ಕೆ. ಹಗುರ, ಹಳೆಯ ಚಿಪ್ಪಿನಲ್ಲೂ ನಡೆಯುತ್ತದೆ, ಗ್ನೋಮ್‌ನಂತೆ ಲಾಗಿನ್ ಪರದೆಯಲ್ಲೇ ಮಲಗಿಬಿಡುವುದಿಲ್ಲ. ಡೆಬಿಯನ್‌ನಲ್ಲಿ ‘ಎಪಿಟಿ ಇನ್‌ಸ್ಟಾಲ್ --ನೋ-ಇನ್‌ಸ್ಟಾಲ್-ರೆಕಮೆಂಡ್ಸ್’ ಜೊತೆ ಎಕ್ಸ್‌ಎಫ್‌ಸಿಇ4, ಎಕ್ಸ್‌ಎಫ್‌ಸಿಇ4-ಟರ್ಮಿನಲ್, ಲೈಟ್‌ಡಿಎಂ (ಲಾಗಿನ್ ಪರದೆ), ಎಕ್ಸ್‌ಸರ್ವರ್-ಎಕ್ಸ್‌ಆರ್ಗ್ ಹೆಸರಿಸಿ. ಕೊನೆಯದನ್ನು ಮರೆತರೆ ಪರದೆಯೇ ಬರುವುದಿಲ್ಲ: ಶಿಫಾರಸು ಪ್ಯಾಕೇಜುಗಳು ಬೇಡ ಎಂದಾಗ ಲೈಟ್‌ಡಿಎಂ ಅದನ್ನು ತಾನಾಗಿ ಎಳೆದು ತರುವುದಿಲ್ಲ. ಆಮೇಲೆ ಮೇಲೆ ಹೇಳಿದ ನಿದ್ದೆಯ ಸಾಲನ್ನೂ ಓಡಿಸಿ, ಏಕೆಂದರೆ ಪವರ್ ಸೆಟ್ಟಿಂಗನ್ನು ಯಾರು ಯಾವಾಗ ಬದಲಿಸುತ್ತಾರೋ ಹೇಳಲಾಗದು. ರೈಟರ ಖಾತೆಯನ್ನು ನಿರ್ವಾಹಕ ಅಧಿಕಾರದ ‘ಸುಡೊ’ ಗುಂಪಿಗೆ ಸೇರಿಸಬೇಡಿ.

ಈಗಾಗಲೇ ಹಾಕಿದ್ದರೆ

ಕಿತ್ತೆಸೆಯಲು ಅವಸರ ಬೇಡ. ‘ಪರ್ಜ್’, ‘ಆಟೊರಿಮೂವ್’ ಮಾಡುವಾಗ ನೆಟ್‌ವರ್ಕ್‌ಮ್ಯಾನೇಜರೂ ಜೊತೆಗೆ ಹೋಗಬಹುದು. ನೆಟ್ ಅದರ ಕೈಯಲ್ಲೇ ಇದ್ದರೆ ಮುಂದಿನ ಬೂಟಿಗೆ ಸರ್ವರ್ ಮೂಕವಾಗುತ್ತದೆ, ದೂರದಿಂದ ಒಳಹೋಗಲು ದಾರಿಯಿಲ್ಲ. ಮೊದಲು ಡೆಸ್ಕ್‌ಟಾಪನ್ನು ಸುಮ್ಮನಿರಿಸಿ: ‘ಸುಡೊ ಸಿಸ್ಟಮ್‌ಸಿಟಿಎಲ್ ಸೆಟ್-ಡಿಫಾಲ್ಟ್ ಮಲ್ಟಿ-ಯೂಸರ್.ಟಾರ್ಗೆಟ್’ ಕೊಟ್ಟು ಮರುಬೂಟ್ ಮಾಡಿ. ಪ್ಯಾಕೇಜುಗಳು ಡಿಸ್ಕಿನಲ್ಲೇ ಇರುತ್ತವೆ, ಮೆಮೊರಿಗೆ ಬರುವುದಿಲ್ಲ. ಎಂದಾದರೂ ಬೇಕಾದರೆ ‘ಸುಡೊ ಸಿಸ್ಟಮ್‌ಸಿಟಿಎಲ್ ಐಸೊಲೇಟ್ ಗ್ರಾಫಿಕಲ್.ಟಾರ್ಗೆಟ್’, ಕೆಲಸ ಮುಗಿದ ಮೇಲೆ ಅದೇ ಸಾಲಿನಲ್ಲಿ ‘ಮಲ್ಟಿ-ಯೂಸರ್.ಟಾರ್ಗೆಟ್’. ಈ ಎರಡನೆಯದು ಡೆಸ್ಕ್‌ಟಾಪಿನಲ್ಲಿ ಕುಳಿತವರ ಉಳಿಸದ ಕೆಲಸವನ್ನು ಕೇಳದೆ ಮುಚ್ಚಿಬಿಡುತ್ತದೆ, ಆದ್ದರಿಂದ ಎದುರು ಯಾರೂ ಇಲ್ಲವೆಂದು ಖಚಿತ ಮಾಡಿಕೊಳ್ಳಿ. ಪರದೆ ಇಲ್ಲದಿದ್ದರೂ ಕಪ್ಸ್, ಆವಾಹಿಯಂಥವು ಓಡುತ್ತಲೇ ಇರುತ್ತವೆ; ಪೋರ್ಟುಗಳ ಪಟ್ಟಿ ನೋಡಿ ಬೇಡದ್ದನ್ನು ‘ಡಿಸೇಬಲ್ --ನೌ’ ಮಾಡಿ. ಆವಾಹಿಗೆ ಸೇವೆಯ ಜೊತೆ ಅದರ ‘.ಸಾಕೆಟ್’ ಅನ್ನೂ ನಿಲ್ಲಿಸಬೇಕು, ಇಲ್ಲದಿದ್ದರೆ ಮತ್ತೆ ಏಳುತ್ತದೆ.

ಮರುಬೂಟ್ ಬೇಡುವ ಈ ಕೆಲಸಗಳನ್ನು ಅರೇಬಿಕಾ ಕೊಯ್ಲು ಶುರುವಾಗುವ ನವೆಂಬರಿಗೆ ಮುಂಚೆ ಮುಗಿಸಿಕೊಳ್ಳಿ, ಬಟವಾಡೆಯ ಹಿಂದಿನ ದಿನವಂತೂ ಬೇಡವೇ ಬೇಡ. ಒಬ್ಬರು ಪೆಟ್ಟಿಗೆಯ ಎದುರು ಕುಳಿತಿರಲಿ, ಇನ್ನೊಬ್ಬರು ಹೊರಗಿನಿಂದ ಎಸ್‌ಎಸ್‌ಎಚ್ ಸಿಗುತ್ತಿದೆಯೇ ನೋಡಲಿ. ಎರಡು ಮರುಬೂಟಿನ ನಂತರವೂ ಶೇರ್ ತೆರೆದು, ಆ ರಾತ್ರಿಯ ಬ್ಯಾಕಪ್ ಬಂದ ಮೇಲೆ ಮಾನಿಟರಿನ ಕೇಬಲ್ ಬಿಚ್ಚಬಹುದು. ಕೀಬೋರ್ಡನ್ನು ಮಾತ್ರ ಹತ್ತಿರದ ಡ್ರಾಯರಿನಲ್ಲೇ ಇಟ್ಟಿರಿ.